ಸ್ವಚ್ಛಗೊಳಿಸುವ ಮುನ್ನ ನಕಲು

ಕಂಪ್ಯೂಟರಿಗೆ ವೈರಸ್ ತಗುಲಿದೆ ಎಂದು ತಿಳಿದ ಕೂಡಲೇ ಬಹುತೇಕರು ಆಂಟಿವೈರಸ್ ಓಡಿಸುತ್ತಾರೆ, ಇಲ್ಲವೇ ಅಂಗಡಿಗೆ ಒಯ್ದು 'ಫಾರ್ಮ್ಯಾಟ್ ಮಾಡಿಕೊಡಿ' ಎನ್ನುತ್ತಾರೆ. ಎರಡಕ್ಕೂ ಮೊದಲು ಫೈಲುಗಳ ನಕಲು ಆಗಬೇಕು, ಅದೂ ಸೋಂಕು ತಗುಲಿದ ವಿಂಡೋಸನ್ನು ತೆರೆಯದೆಯೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿವೃತ್ತ ಕನ್ನಡ ಮೇಷ್ಟರಾದ ನನ್ನ ಸೋದರಮಾವನವರು ಈಚಿನವರೆಗೂ ವಿಂಡೋಸ್ 7 ಬಳಸುತ್ತಿದ್ದರು. ಅದಕ್ಕೆ ಮೈಕ್ರೋಸಾಫ್ಟ್ ಭದ್ರತಾ ತಿದ್ದುಪಡಿಗಳನ್ನು ಒದಗಿಸುವುದು 2020ರ ಜನವರಿಯಲ್ಲೇ ನಿಂತಿತ್ತು. ಪ್ರಿಂಟಿಗೆಂದು ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿದ್ದವು. ಈ ಜಾತಿಯ ವೈರಸ್ ಸಾಮಾನ್ಯವಾಗಿ ಫೈಲುಗಳನ್ನು ಅಳಿಸುವುದಿಲ್ಲ. ಅವುಗಳಿಗೆ 'ಹಿಡನ್', 'ಸಿಸ್ಟಮ್' ಎಂಬ ಗುರುತು ಹಚ್ಚಿ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು, ಅದನ್ನು ಒತ್ತಿದವರ ಕೈಯಿಂದಲೇ ತನ್ನ ಸ್ಕ್ರಿಪ್ಟನ್ನು, ಅಂದರೆ ಆದೇಶಗಳ ಸರಣಿಯನ್ನು, ಓಡಿಸಿಕೊಳ್ಳುತ್ತದೆ. ಫೈಲುಗಳು ಹೋದವೆಂದು ಗಾಬರಿಯಾಗಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವವರಿಗೆ ಆಗುವ ನಷ್ಟ ವೈರಸ್ ಮಾಡಿದ್ದಕ್ಕಿಂತ ದೊಡ್ಡದು.

ಇಂಟರ್ನೆಟ್ ಕೇಬಲ್ ತೆಗೆದು, ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಮಿಂಟ್ ತುಂಬಿದ ಬೇರೊಂದು ಪೆನ್‌ಡ್ರೈವಿನಿಂದ ಯಂತ್ರವನ್ನು ಚಾಲೂ (ಬೂಟ್) ಮಾಡಿದೆ. ವಿಂಡೋಸಿಗೆಂದು ಬರೆದ ವೈರಸ್ ಅಲ್ಲಿ ತಾನಾಗಿ ಓಡಲಾರದು. ಮರೆಮಾಡಿದ ಫೈಲುಗಳೂ ಕಣ್ಣಿಗೆ ಬೀಳುತ್ತವೆ. ಹಾರ್ಡ್‌ಡಿಸ್ಕನ್ನು ಓದಲು ಮಾತ್ರ ಅವಕಾಶವಿರುವಂತೆ ಜೋಡಿಸಿಕೊಂಡು ಪತ್ರಗಳು, ಫೋಟೋಗಳು, ಪಿಡಿಎಫ್‌ಗಳನ್ನಷ್ಟೇ ಹೊರಗಿನ ಡಿಸ್ಕಿಗೆ ನಕಲಿಸಿದೆ. ಪ್ರೋಗ್ರಾಮುಗಳ ಇಎಕ್ಸ್‌ಇ ಫೈಲುಗಳನ್ನೂ ಸ್ಕ್ರಿಪ್ಟುಗಳನ್ನೂ ಶಾರ್ಟ್‌ಕಟ್‌ಗಳನ್ನೂ ಮುಟ್ಟಲಿಲ್ಲ. ಸಾಲಿಟಿಯಂಥ ವೈರಸ್‌ಗಳು ಇಎಕ್ಸ್‌ಇ ಫೈಲುಗಳ ಒಳಗೇ ಸೇರಿಕೊಳ್ಳುತ್ತವೆ. ರಾಮ್ನಿಟ್ ಎಂಬುದು ಎಚ್‌ಟಿಎಂಎಲ್ ಪುಟಗಳನ್ನೂ ಬಿಡುವುದಿಲ್ಲ.

ಇಷ್ಟಾದರೂ ಕನ್ನಡಿಗರ ಹಳೆಯ ಕಂಪ್ಯೂಟರಿನಲ್ಲಿ ಒಂದು ಕೆಲಸ ಉಳಿದಿರುತ್ತದೆ, ಅಂಗಡಿಯವರಿಗೆ ಸಾಮಾನ್ಯವಾಗಿ ಹೊಳೆಯದ ಕೆಲಸ: ಫಾಂಟುಗಳ ನಕಲು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಶಿಷ್ಟತೆ) ಅಲ್ಲ. ಫೈಲಿನಲ್ಲಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಮಾವನವರು ವರ್ಷಗಟ್ಟಲೆ ಕೂಡಿಸಿದ್ದ ಗಾದೆಗಳ ಸಂಗ್ರಹ ನಕಲಿನಲ್ಲಿ ತಲೆಮೇಲೆ ಚುಕ್ಕೆ, ಗೀರುಗಳಿರುವ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಂಡಾಗ, ಇದೂ ವೈರಸ್ಸಿನ ಕೈವಾಡವೆಂದೇ ಅವರು ನಂಬಿದರು. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ತಂದು ಹಾಕಿದೊಡನೆ ಗಾದೆಗಳು ಮರಳಿದವು.

ದುರಸ್ತಿ ಅಷ್ಟು ಕಷ್ಟವಾಗಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಕೆಟ್ಟ ಸೆಕ್ಟರುಗಳು (ಹಾಳಾದ ಭಾಗಗಳು) ಕಂಡದ್ದರಿಂದ ಅದರ ಬದಲು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿದೆ. ತಾರೀಖು ಪದೇಪದೇ ಹಿಂದಕ್ಕೆ ಹೋಗುತ್ತಿದ್ದುದು ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದಿದ್ದರಿಂದ. ತಾರೀಖು ತಪ್ಪಿದ್ದರೆ ಬ್ಯಾಂಕಿನ ಜಾಲತಾಣಗಳ ಭದ್ರತಾ ಪ್ರಮಾಣಪತ್ರವನ್ನೂ ಬ್ರೌಸರ್ ಒಪ್ಪುವುದಿಲ್ಲ. ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಾಯಿಸಿದೆವು. ಸೋಂಕು ತಗುಲಿದ ವಿಂಡೋಸನ್ನು ಎಷ್ಟು ತೊಳೆದರೂ ನಂಬುವುದು ಕಷ್ಟವೆಂದು ಅದನ್ನು ಬಿಟ್ಟೇಬಿಟ್ಟೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿದಿದೆ, 11ಕ್ಕೆ ಈ ಪ್ರೊಸೆಸರ್ ಸಲ್ಲುವುದಿಲ್ಲ. ಆದ್ದರಿಂದ ಮಿಂಟನ್ನೇ ಸ್ಥಾಪಿಸಿದೆ. ಅದರಲ್ಲಿ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ವಿನ್ಯಾಸವೂ ಇರುವುದರಿಂದ ಮಾವನವರ ಬೆರಳುಗಳು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ಗಾದೆಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದಿದ್ದೇವೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ದಾಖಲಾಗುತ್ತದೆ, ಯೂನಿಕೋಡಿನಲ್ಲಿ ರೇಫ (ಅದೇ 'ರ್' ಧ್ವನಿ) ಮೊದಲು ಬರಬೇಕು. ಆ ಅದಲುಬದಲಿನಲ್ಲಿ ಅಲ್ಲಲ್ಲಿ ತಪ್ಪು ನುಸುಳಿದೆ. ತಿದ್ದುಪಡಿ ಮುಗಿಯುವವರೆಗೂ ಮೂಲ ಫೈಲುಗಳನ್ನು ಫಾಂಟಿನ ಸಮೇತ ಎರಡು ಡಿಸ್ಕುಗಳಲ್ಲಿ ಇರಿಸಿದ್ದೇವೆ. ಒಂದು ಮಾವನವರ ಬೀರುವಿನಲ್ಲಿ, ಇನ್ನೊಂದು ನಮ್ಮ ಮನೆಯಲ್ಲಿ.