ಆಸ್ಪತ್ರೆ ಗೌನಿನ ಕಸೆ ಮತ್ತು ರೋಗಿಯ ಮರ್ಯಾದೆ

ಉತ್ತರ ಕರ್ನಾಟಕದ ಒಂದು ಧರ್ಮಾರ್ಥ ಆಸ್ಪತ್ರೆಯ ಬಟ್ಟೆ ವಿಭಾಗ ನನ್ನ ಉಸ್ತುವಾರಿಯಲ್ಲಿದೆ. ಹಾಸಿಗೆಯ ಚಾದರ, ದಿಂಬಿನ ಚೀಲ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ, ರೋಗಿಗಳು ತೊಡುವ ಗೌನು ಇವೆಲ್ಲದರ ಖರೀದಿ, ಹೊಲಿಗೆ, ಒಗೆತ ಮತ್ತು ದುರಸ್ತಿ ನಮ್ಮಲ್ಲೇ ನಡೆಯುತ್ತದೆ. ಇಲ್ಲಿಗೆ ಬರುವ ಮೊದಲು ನಾನು ಬೆಂಗಳೂರಿನ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಸ್ಟರ್ ಆಗಿದ್ದೆ. ಆದ್ದರಿಂದ ರೋಗಿಗಳ ಗೌನನ್ನು ಹೊಸದಾಗಿ ರೂಪಿಸಬೇಕೆಂಬ ತೀರ್ಮಾನವಾದಾಗ ಅದು ಸಹಜವಾಗಿಯೇ ನನ್ನ ಮೇಜಿಗೆ ಬಂತು. ಅಳತೆ, ಕತ್ತರಿ, ಹೊಲಿಗೆ ಇಷ್ಟೇ ಕೆಲಸವೆಂದು ಆಡಳಿತದವರು ತಿಳಿದಿದ್ದರು. ಆದರೆ ರೋಗಿಯ ಮರ್ಯಾದೆಗೆ ಸಂಬಂಧಿಸಿದ ಮುಖ್ಯ ನಿರ್ಧಾರಗಳು ಕತ್ತರಿಸುವ ಮೇಜಿಗಿಂತ ಹೆಚ್ಚಾಗಿ ಒಗೆಯುವ ಕೋಣೆಯಲ್ಲಿ ಆದವು. ಇದೇ ಹೊಣೆ ಹೊತ್ತಿರುವ ಬೇರೆ ಆಸ್ಪತ್ರೆಯವರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಬೆನ್ನ ಹಿಂದೆ ತೆರೆದಿರುವ ಹಳೆಯ ಗೌನನ್ನು ಯಾರೂ ದುರುದ್ದೇಶದಿಂದ ರೂಪಿಸಿದ್ದಲ್ಲ. ಅದು ಮಲಗಿಯೇ ಇರುವ ರೋಗಿಗಾಗಿ ಹುಟ್ಟಿದ ಉಡುಪು. ಪ್ರಜ್ಞೆಯಿಲ್ಲದವರಿಗೆ ಅಥವಾ ಮಗ್ಗುಲು ತಿರುಗಲಾರದವರಿಗೆ ಅದನ್ನು ಎದುರಿನಿಂದ ಎರಡು ತೋಳಿಗೆ ಏರಿಸಿ, ಅಂಚುಗಳನ್ನು ಬೆನ್ನ ಕೆಳಗೆ ಸರಿಸಿಬಿಟ್ಟರೆ ಸಾಕು, ಮೇಲೆತ್ತಿ ಕೂರಿಸಬೇಕಾಗಿಲ್ಲ. ಬೆಡ್‌ಪ್ಯಾನ್ ಇಡುವಾಗ ಬಟ್ಟೆ ಒದ್ದೆಯಾಗುವುದಿಲ್ಲ. ಸೊಂಟದ ಮೇಲೆ ಬೆಡ್‌ಸೋರ್ ಆಗುತ್ತಿದೆಯೇ ಎಂದು ಸಿಸ್ಟರ್‌ಗಳು ನೋಡಬಹುದು, ಅರಿವಳಿಕೆ ತಜ್ಞರು ಬೆನ್ನುಹುರಿಗೆ ಚುಚ್ಚುಮದ್ದು ಕೊಡುವಾಗಲೂ ಅಡ್ಡಿಯಿರುವುದಿಲ್ಲ. ಈ ಅನುಕೂಲಗಳನ್ನೆಲ್ಲ ಕಡೆಗಣಿಸಿ ಬರೀ ಚೆಂದದ ಉಡುಪೊಂದನ್ನು ಮಾಡಿಕೊಟ್ಟರೆ ವಾರ್ಡಿನವರು ಅದನ್ನು ಒಂದೇ ವಾರದಲ್ಲಿ ಕಪಾಟಿನ ತಳಕ್ಕೆ ತಳ್ಳುತ್ತಾರೆ, ಹಾಗೆ ತಳ್ಳುವುದು ತಪ್ಪೂ ಅಲ್ಲ.

ತೊಂದರೆ ಇರುವುದು ರೋಗಿ ಈಗ ಮಲಗಿಯೇ ಇರುವುದಿಲ್ಲ ಎಂಬುದರಲ್ಲಿ. ಶಸ್ತ್ರಚಿಕಿತ್ಸೆಯಾದ ಮರುದಿನವೇ, ಕೆಲವೊಮ್ಮೆ ಅದೇ ದಿನ ಸಂಜೆಯೇ, ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಸ್ಕ್ಯಾನಿಂಗಿಗೆ, ಎಕ್ಸ್‌ರೇಗೆ, ಹೃದಯ ನೋಡುವ ಎಕೋಗೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಜನರಲ್ ವಾರ್ಡಿನಲ್ಲಿ ಶೌಚಾಲಯ ಇರುವುದು ಪಡಸಾಲೆಯ ತುದಿಯಲ್ಲಿ, ಪಡಸಾಲೆಯ ಉದ್ದಕ್ಕೂ ಕುಳಿತಿರುವುದು ಎಲ್ಲರ ಮನೆಯವರು. ನಮ್ಮ ಹೆಣ್ಣುಮಕ್ಕಳ ವಾರ್ಡಿನಲ್ಲಿ ಒಬ್ಬ ವೃದ್ಧೆ ಸಿಸ್ಟರ್‌ಗೆ ಹೇಳಿದ ಮಾತು ಈಗಲೂ ನನ್ನ ನೋಟ್‌ಬುಕ್ಕಿನಲ್ಲಿದೆ: "ಯವ್ವಾ, ಇದನ್ನ ಹಾಕ್ಕೊಂಡು ನಾ ಹೊರಗ ಹೆಂಗ ಬರ್ಲಿ? ಬಾಗಿಲಾಗ ಅಳಿಯ ನಿಂತಾನ." ಹದಿನಾರು ಮೊಳದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬದುಕಿದವರಿಗೆ ಆ ಗೌನು ತೊಡಿಸಿ ಅಳಿಯನ ಎದುರು ನಡೆಸುವುದೆಂದರೆ ಏನೆಂಬುದನ್ನು ಯಾವ ವಿನ್ಯಾಸದ ಪಾಠವೂ ನನಗೆ ಅಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಹೊಸ ಗೌನಿನ ಗೆರೆ ಎಳೆಯುವ ಮುನ್ನ ರೋಗಿಗಳು ಹಳೆಯದನ್ನು ಹೇಗೆ ತೊಡುತ್ತಾರೆಂದು ವಾರ್ಡಿನಲ್ಲಿ ನಿಂತು ನೋಡಿದೆ. ಕೆಲವರು ಎರಡು ಗೌನು ಕೇಳಿ ಪಡೆದು, ಒಂದನ್ನು ಹಿಂದುಮುಂದಾಗಿ ತೊಟ್ಟು ಅದರ ಮೇಲೆ ಇನ್ನೊಂದನ್ನು ಸರಿಯಾಗಿ ತೊಡುತ್ತಿದ್ದರು. ಎಷ್ಟು ಹೇಳಿದರೂ ಲಂಗ ಬಿಚ್ಚದವರಿದ್ದರು. ಎದೆಯ ಮೇಲೆ ಟವೆಲ್ ಹೊದೆಯದೆ ಹಾಸಿಗೆಯಿಂದ ಇಳಿಯುವ ಹೆಂಗಸು ಇರಲಿಲ್ಲ ಎಂದರೂ ಸರಿ. ಗಂಡಸರು ಗೌನಿನ ಕೆಳಗೆ ಲುಂಗಿ ಸುತ್ತಿಕೊಳ್ಳುತ್ತಿದ್ದರು. ಸ್ಟ್ರೆಚರಿನ ಚಾದರವನ್ನೇ ಹೊದ್ದು ನಡೆಯುವವರು ಎರಡೂ ವಾರ್ಡಿನಲ್ಲಿದ್ದರು. ಅಂದರೆ ಹೊಸ ವಿನ್ಯಾಸಕ್ಕೆ ಬೇಕಾದ ಉತ್ತರಗಳನ್ನು ರೋಗಿಗಳೇ ಆಗಲೇ ಕಂಡುಕೊಂಡಿದ್ದರು. ಬೆನ್ನಿಗೆ ಎರಡು ಪದರ ಬೇಕು, ಎದೆಗೆ ಇನ್ನೊಂದು ಹೊದಿಕೆ ಬೇಕು, ಮೊಣಕಾಲು ಮುಚ್ಚಬೇಕು, ಕಟ್ಟುವುದು ಬಿಚ್ಚುವುದು ತಮ್ಮ ಕೈಗೆ ಎಟುಕಬೇಕು.

ಹೊರದೇಶಗಳಲ್ಲಿಯೂ ಇದೇ ಪ್ರಶ್ನೆ ಎದುರಾಗಿದೆ. ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಆಸ್ಪತ್ರೆಯೊಂದು, ಗೌನಿಗೆ ಅಂಜಿ ಸೊಮಾಲಿ ಮುಸ್ಲಿಂ ಮಹಿಳೆಯರು ತಪಾಸಣೆಗೇ ಬರುತ್ತಿಲ್ಲವೆಂದು ಅರಿತು 2004ರಲ್ಲಿ ಹೆಚ್ಚು ಮೈಮುಚ್ಚುವ ಗೌನು ತಂದಿತು. 2010ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿಗೆ ಫ್ಯಾಷನ್ ವಿನ್ಯಾಸಕಿ ಡಯಾನ್ ವಾನ್ ಫರ್ಸ್ಟೆನ್‌ಬರ್ಗ್ ಸುತ್ತಿ ಕಟ್ಟುವ ಮಾದರಿಯ ಗೌನು ರೂಪಿಸಿದರು. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆ ಅಲ್ಲಿನ ವಿನ್ಯಾಸ ಕಾಲೇಜಿನ ವಿದ್ಯಾರ್ಥಿಗಳ ಜೊತೆ ಸೇರಿ, ಬೆನ್ನು ಪೂರ್ತಿ ಮುಚ್ಚಿ ಮುಂಭಾಗ ಒಂದರ ಮೇಲೊಂದು ಬರುವ ಗೌನನ್ನು ಬಳಕೆಗೆ ತಂದಿತು. ಇವುಗಳ ಚಿತ್ರಗಳನ್ನು ಮುಂದಿಟ್ಟುಕೊಂಡೇ ನಾವು ಕೆಲಸ ಆರಂಭಿಸಿದೆವು. ಆದರೆ ಆ ಚಿತ್ರಗಳಲ್ಲಿ ಕಾಣುವ ಗೌನುಗಳೆಲ್ಲ ಹೊಚ್ಚ ಹೊಸವು.

ಎಲ್ಲರಿಗೂ ಒಂದೇ ಗೌನು ಎಂಬ ಯೋಚನೆಯನ್ನು ನಾವು ಬೇಗನೆ ಕೈಬಿಟ್ಟೆವು. ಥಿಯೇಟರಿಗೆ ಹೋಗುವವರಿಗೆ ಮತ್ತು ಹಾಸಿಗೆ ಹಿಡಿದವರಿಗೆ ಹಿಂಬದಿ ತೆರೆಯುವ ಮಾದರಿಯನ್ನೇ ಉಳಿಸಿಕೊಂಡು, ಬಲ ಅಂಚು ಎಡ ಪಕ್ಕೆಯವರೆಗೂ ಎಡ ಅಂಚು ಬಲ ಪಕ್ಕೆಯವರೆಗೂ ಬರುವಂತೆ ಅಗಲ ಕೊಟ್ಟೆವು. ಕಸೆಗಳು, ಅಂದರೆ ಗೌನನ್ನು ಬಿಗಿದು ಕಟ್ಟುವ ಬಟ್ಟೆಯ ಪಟ್ಟಿಗಳು, ಈಗ ಬೆನ್ನ ನಡುವೆ ಇಲ್ಲ, ಪಕ್ಕೆಯಲ್ಲಿವೆ. ಕೈಯನ್ನು ಹಿಂದೆ ತಿರುಗಿಸಲಾಗದ ವೃದ್ಧರೂ ಭುಜ ನೋವಿರುವವರೂ ಇನ್ನೊಬ್ಬರನ್ನು ಕರೆಯದೆ ಅವನ್ನು ಕಟ್ಟಿಕೊಳ್ಳುತ್ತಾರೆ. ಬೆನ್ನ ಹಿಂದೆ ಕಸೆ ಕಟ್ಟಲು ಆಯಾಗಳ ದಾರಿ ಕಾಯುತ್ತ ನಿಲ್ಲುವುದು ಕೂಡ ಒಂದು ಅವಮಾನವೇ. ನಡೆದಾಡುವ ರೋಗಿಗಳಿಗೆ ಮುಂದೆ ಸುತ್ತಿ ಕಟ್ಟುವ ಗಿಡ್ಡ ಅಂಗಿ, ಅದರ ಕೆಳಗೆ ಹೆಂಗಸರಿಗೆ ಲಾಡಿಯ ಲಂಗ, ಗಂಡಸರಿಗೆ ಪೈಜಾಮ ಎಂದಾಯಿತು. ಲುಂಗಿಯೇ ಇರಲಿ ಎಂದು ಗಂಡಸರ ವಾರ್ಡಿನವರು ಪಟ್ಟು ಹಿಡಿದರು, ಅವರದೇ ನಡೆಯಿತು.

ಸಣ್ಣ ವಿವರಗಳಲ್ಲಿ ಮೂರನ್ನು ಮಾತ್ರ ಹೇಳುತ್ತೇನೆ. ಭುಜದ ಮೇಲಿನ ಹೊಲಿಗೆಯನ್ನು ತೆರೆದಿಟ್ಟು ಅಲ್ಲಿ ಟಿಚ್ ಗುಂಡಿ ಹಾಕಿದರೆ, ಕೈಗೆ ಡ್ರಿಪ್ ಏರಿಸಿರುವಾಗಲೂ ನಳಿಕೆ ಕಳಚದೆ ಗೌನು ಬದಲಿಸಬಹುದು. ಎಕೋ ಮಾಡುವಾಗ ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ ಎದೆಯ ಎಡಭಾಗವನ್ನು ಪರೀಕ್ಷಿಸುತ್ತಾರಾದ್ದರಿಂದ ಅದೇ ಭುಜದ ಗುಂಡಿಗಳನ್ನು ಬಿಚ್ಚಿ ಅಗತ್ಯವಿದ್ದಷ್ಟನ್ನೇ ಸರಿಸಿದರೆ ಸಾಕು, ಬಲಭಾಗ ಮುಚ್ಚಿಯೇ ಇರುತ್ತದೆ. ಎರಡನೆಯದು ಮೂತ್ರದ ಚೀಲ. ಮೂತ್ರ ಹೊರತರುವ ನಳಿಕೆ, ಅಂದರೆ ಕ್ಯಾಥೆಟರ್ ಹಾಕಿದವರು ಆ ಚೀಲವನ್ನು ಕೈಯಲ್ಲಿ ಹಿಡಿದು ಎಲ್ಲರ ಮುಂದೆ ನಡೆಯುವುದನ್ನು ನೋಡಿದವರಿಗೆ ಅವರ ಮುಖ ಮರೆಯುವುದಿಲ್ಲ. ಆ ಚೀಲ ಮೂತ್ರಕೋಶಕ್ಕಿಂತ ಕೆಳಗಿರಲೇಬೇಕು, ಇಲ್ಲವಾದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುವ ಅಪಾಯವಿದೆ. ಹಾಗಾಗಿ ಉಡುಪಿನ ಒಳಮೈಯಲ್ಲಿ ತೊಡೆಯ ಮಟ್ಟಕ್ಕೆ ಗಟ್ಟಿ ಬಟ್ಟೆಯ ಕೊಂಡಿ ಹೊಲಿದು, ಅಳತೆ ಓದಲು ಸಿಸ್ಟರ್‌ಗಳಿಗೆ ಪಕ್ಕದಲ್ಲಿ ಸೀಳು ಬಿಟ್ಟಿದ್ದೇವೆ. ಮೂರನೆಯದು ಬಟ್ಟೆ. ತೆಳು ಪಾಪ್ಲಿನ್ ಅಗ್ಗ, ಆದರೆ ಕಿಟಕಿಯ ಬೆಳಕಿಗೆ ಎದುರಾಗಿ ನಿಂತರೆ ಮೈ ಕಾಣುತ್ತದೆ. ಒತ್ತಾಗಿ ನೇಯ್ದ, ಕಡು ಬಣ್ಣದ ಕ್ಯಾಸ್ಮೆಂಟ್ ಬಟ್ಟೆಯನ್ನು ಆರಿಸಿದೆವು.

ಇನ್ನು ಒಗೆಯುವ ಕೋಣೆಯ ವಿಷಯ. ಆಸ್ಪತ್ರೆಯ ಬಟ್ಟೆಯನ್ನು ಮನೆಯ ಬಟ್ಟೆಯಂತೆ ಒಗೆಯಲಾಗುವುದಿಲ್ಲ. ಬಿಸಿನೀರಿನಲ್ಲಿ ಒಗೆಯುವುದಾದರೆ 71 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕನಿಷ್ಠ 25 ನಿಮಿಷ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಮಾರ್ಗಸೂಚಿ, ನಮ್ಮ ಯಂತ್ರವನ್ನೂ ಅದಕ್ಕೇ ಹೊಂದಿಸಿದ್ದೇವೆ. ರಕ್ತದ ಕಲೆಗೆ ಬ್ಲೀಚ್ ಬೇರೆ. ಆಮೇಲೆ ಹಿಂಡುವ ಯಂತ್ರ, ಒಣಗಿಸುವ ಯಂತ್ರ, ಕೊನೆಗೆ ಕಾದ ಉರುಳೆಗಳ ನಡುವೆ ಬಟ್ಟೆಯನ್ನು ಒತ್ತಿ ಹಾಯಿಸುವ ಕ್ಯಾಲೆಂಡರ್. ಈ ದಾರಿಯಲ್ಲಿ ಮೊದಲು ಬಲಿಯಾಗುವುದು ಕಸೆ. ನೂರಾರು ಗೌನುಗಳ ಕಸೆಗಳು ಡ್ರಮ್ಮಿನೊಳಗೆ ಒಂದಕ್ಕೊಂದು ಹೆಣೆದುಕೊಂಡು ಜಡೆಗಟ್ಟುತ್ತವೆ. ಕೆಲಸದ ಅವಸರದಲ್ಲಿ ಅದನ್ನು ಬಿಡಿಸುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಜಗ್ಗಿದಾಗ ಎಲ್ಲಿ ಹೊಲಿಗೆ ಸಡಿಲವೋ ಅಲ್ಲಿ ಕಿತ್ತುಬರುತ್ತದೆ. ಅಂಥ ಗೌನು ಮಡಚಿದಾಗ ಸರಿಯಾಗಿಯೇ ಕಾಣುವುದರಿಂದ ವಾರ್ಡಿಗೆ ಹೋಗುತ್ತದೆ, ಅಲ್ಲಿ ರೋಗಿ ಒಂದು ಕೈಯಲ್ಲಿ ಅದರ ಅಂಚನ್ನು ಹಿಡಿದುಕೊಂಡೇ ನಡೆಯುತ್ತಾರೆ. ವಿನ್ಯಾಸ ಯಾರದೇ ಇರಲಿ, ಕಸೆ ಕಿತ್ತ ಮೇಲೆ ಅದು ಹಳೆಯ ಗೌನಿಗಿಂತ ಒಂದಿಷ್ಟೂ ಮೇಲಲ್ಲ.

ಕಸೆಯ ಬದಲು ಬೇರೇನಾದರೂ ಹಾಕಬಹುದೇ ಎಂದು ಪ್ರಯತ್ನಿಸಿದ್ದೂ ಆಯಿತು. ವೆಲ್ಕ್ರೋ ಪಟ್ಟಿ ರೋಗಿಗಳಿಗೆ ಇಷ್ಟವಾಯಿತು, ಆದರೆ ಒಗೆದಂತೆಲ್ಲ ಅದಕ್ಕೆ ನೂಲಿನ ಜುಂಗು ಮೆತ್ತಿಕೊಂಡು ಹಿಡಿತ ಹೋಯಿತು, ಜೊತೆಗೆ ಪಕ್ಕದ ಚಾದರಗಳನ್ನೂ ಕೆರೆದು ಹಾಳುಮಾಡಿತು. ಲೋಹದ ಟಿಚ್ ಗುಂಡಿ ಒಗೆತಕ್ಕೆ ಬಾಳುತ್ತದೆ, ಎಂ.ಆರ್.ಐ. ಕೋಣೆಗೆ ಸಲ್ಲದು. ಲೋಹವಿರುವ ಯಾವುದೂ ಅಲ್ಲಿ ಮೈಮೇಲೆ ಇರಕೂಡದು. ಜರಿ ಅಂಚಿನ ಸೀರೆಯುಟ್ಟು ಬಂದವರನ್ನೂ ಅಲ್ಲಿನ ತಂತ್ರಜ್ಞರು ಉಡುಪು ಬದಲಿಸಲು ಕಳಿಸುತ್ತಾರೆ, ಏಕೆಂದರೆ ಲೋಹದ ಎಳೆ ಕಾದು ಚರ್ಮ ಸುಡಬಹುದು. ಪ್ಲಾಸ್ಟಿಕ್ ಗುಂಡಿ ಎಂ.ಆರ್.ಐ.ಗೆ ಸರಿ, ಕ್ಯಾಲೆಂಡರಿನ ಒತ್ತಡಕ್ಕೆ ಸಿಕ್ಕರೆ ಒಡೆಯುತ್ತದೆ. ಕೊನೆಗೆ ಪ್ಲಾಸ್ಟಿಕ್ ಗುಂಡಿಗಳನ್ನು ಭುಜಕ್ಕೆ ಮಾತ್ರ ಇಟ್ಟು, ಗೌನುಗಳನ್ನು ಕ್ಯಾಲೆಂಡರಿಗೆ ಹಾಕದೆ ಬರೀ ಒಣಗಿಸಿ ಕೈಯಲ್ಲಿ ಮಡಚುವುದೆಂದು ಗೊತ್ತುಮಾಡಿದೆವು. ಇಸ್ತ್ರಿಯಿಲ್ಲದ ಗೌನು ತುಸು ಸುಕ್ಕಾಗಿರುತ್ತದೆ. ಆ ಬಗ್ಗೆ ಯಾವ ರೋಗಿಯೂ ದೂರಿಲ್ಲ, ದೂರಿದ್ದು ಮೇಲಧಿಕಾರಿಗಳು.

ಪಕ್ಕೆಗೆ ಬಟ್ಟೆಯ ಕಸೆಯೇ ಉಳಿಯಿತು, ಹೊಲಿಯುವ ರೀತಿ ಮಾತ್ರ ಬದಲಾಯಿತು. ಮೊದಲು ಕಸೆಯ ತುದಿಯನ್ನು ಅಂಚಿನ ಮೇಲಿಟ್ಟು ಒಂದು ಗೆರೆ ಹೊಲಿಗೆ ಹಾಕುತ್ತಿದ್ದರು. ಈಗ ತುದಿಯನ್ನು ಅಂಚಿನ ಮಡಿಕೆಯೊಳಗೆ ಸೇರಿಸಿ, ಒಳಗಡೆ ಒಂದು ತುಂಡು ಬಟ್ಟೆಯ ಆಸರೆ ಕೊಟ್ಟು, ಚೌಕಾಕಾರಕ್ಕೆ ಹೊಲಿದು ಅದರೊಳಗೆ ಅಡ್ಡಡ್ಡ ಎರಡು ಗೆರೆ ಹೊಲಿಯುತ್ತೇವೆ. ಶಾಲಾ ಚೀಲದ ಪಟ್ಟಿಯನ್ನು ಚೀಲಕ್ಕೆ ಕೂಡಿಸುವುದು ಹೀಗೆಯೇ. ಕಸೆಯ ಉದ್ದವನ್ನೂ ಒಂದು ಗಂಟಿಗೆ ಸಾಕಾಗುವಷ್ಟಕ್ಕೆ ಇಳಿಸಿದೆವು, ಉದ್ದ ಕಡಿಮೆಯಾದಷ್ಟೂ ಜಡೆಗಟ್ಟುವುದು ಕಡಿಮೆ. ಒಗೆಯಲು ಹಾಕುವ ಮುನ್ನ ಗೌನುಗಳನ್ನು ಬಲೆಯ ಚೀಲಗಳಲ್ಲಿ ತುಂಬುವ ಸಲಹೆ ನನ್ನದಲ್ಲ, ನಮ್ಮ ಲಾಂಡ್ರಿಯ ಹಿರಿಯ ನೌಕರರೊಬ್ಬರದು. ಗೌನಿನ ಬಾಳಿಕೆಗೆ ನನ್ನ ಹೊಲಿಗೆಗಿಂತ ಅದೇ ಹೆಚ್ಚು ನೆರವಾಗಿದೆ.

ಖರ್ಚಿನ ಪ್ರಶ್ನೆ ಸಹಜವಾಗಿಯೇ ಬಂತು. ಹಿಂಬದಿಯ ಎರಡು ಪದರಕ್ಕೆ ಪ್ರತಿ ಗೌನಿಗೆ ಹೆಚ್ಚು ಬಟ್ಟೆ ಬೇಕು, ಹೆಚ್ಚು ಬಟ್ಟೆ ಎಂದರೆ ಯಂತ್ರದಲ್ಲಿ ಹೆಚ್ಚು ತೂಕ, ಹೆಚ್ಚು ನೀರು, ಒಣಗಲು ಹೆಚ್ಚು ಹೊತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾನವ ಘನತೆ ಮತ್ತು ಖಾಸಗಿತನದ ಹಕ್ಕು ಇದೆ, ಪುರುಷ ವೈದ್ಯರು ಮಹಿಳೆಯನ್ನು ಪರೀಕ್ಷಿಸುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕೆಂಬ ಮಾತೂ ಇದೆ. ಅಂಥ ಸನ್ನದಿಗೆ ಚೌಕಟ್ಟು ಹಾಕಿಸಿ ನೋಂದಣಿ ಕೌಂಟರಿನ ಪಕ್ಕ ತೂಗುಹಾಕಲು ಯಾರೂ ಖರ್ಚಿನ ಲೆಕ್ಕ ಕೇಳುವುದಿಲ್ಲ. ಖರೀದಿ ಸಮಿತಿಯ ಮುಂದೆ ಆ ಸನ್ನದಿಗಿಂತ ಹೆಚ್ಚು ಫಲಕೊಟ್ಟದ್ದು ದುರಸ್ತಿಯ ರಿಜಿಸ್ಟರು. ಹಳೆಯ ಗೌನುಗಳು ಕಸೆ ಕಿತ್ತು ಎಷ್ಟು ಬಾರಿ ಹೊಲಿಗೆ ಯಂತ್ರಕ್ಕೆ ಮರಳಿದ್ದವು, ಎಷ್ಟು ರೋಗಿಗಳು ಒಂದರ ಬದಲು ಎರಡು ಗೌನು ಬಳಸಿ ಒಗೆತದ ಹೊರೆ ಹೆಚ್ಚಿಸಿದ್ದರು ಎಂಬುದು ಅದರಲ್ಲಿ ಕಾಣುತ್ತಿತ್ತು.

ಈಗ ಮಡಚುವ ಮೇಜಿನಲ್ಲಿ ಒಂದು ನಿಯಮವಿದೆ. ಪ್ರತಿ ಗೌನಿನ ಪ್ರತಿ ಕಸೆಯನ್ನೂ ಒಮ್ಮೆ ಜಗ್ಗಿ ನೋಡಿಯೇ ಮಡಚಬೇಕು, ಸಡಿಲವೆನಿಸಿದರೆ ಅದು ದುರಸ್ತಿಯ ಬುಟ್ಟಿಗೆ ಹೋಗಬೇಕು, ವಾರ್ಡಿನಲ್ಲಿ ಎಷ್ಟೇ ಕೊರತೆಯಿದ್ದರೂ ಅದನ್ನು ಕಳಿಸುವಂತಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಗೌನು ಸಾಲದಾದಾಗ ಈ ನಿಯಮವನ್ನು ಸಡಿಲಿಸಲು ವಾರ್ಡುಗಳಿಂದ ಫೋನು ಬರುತ್ತದೆ. ಅಂಥ ದಿನಗಳಿಗೆಂದೇ ಬೇರೆ ದಾಸ್ತಾನು ಇಟ್ಟಿದ್ದೇವೆ. ಖರೀದಿಯ ಷರತ್ತುಗಳನ್ನೂ ಬದಲಿಸಿದ್ದೇವೆ: ಪೂರೈಕೆದಾರರು ತಂದ ಮಾದರಿ ಗೌನುಗಳನ್ನು ಹೊಸದಾಗಿರುವಾಗ ಯಾರೂ ತೊಟ್ಟು ನೋಡುವುದಿಲ್ಲ, ನಮ್ಮದೇ ಯಂತ್ರದಲ್ಲಿ ಉಳಿದ ಬಟ್ಟೆಗಳ ಜೊತೆ ಇಪ್ಪತ್ತೈದು ಸಲ ಒಗೆದ ಮೇಲೆ ಸಿಬ್ಬಂದಿಯೇ ಅವನ್ನು ತೊಟ್ಟು, ಯಾರ ಸಹಾಯವೂ ಇಲ್ಲದೆ ಕಸೆ ಕಟ್ಟಿಕೊಂಡು ಪಡಸಾಲೆಯಲ್ಲಿ ನಡೆದು ನೋಡುತ್ತಾರೆ, ದರಪಟ್ಟಿಯ ಲಕೋಟೆ ತೆರೆಯುವುದು ಅದಾದ ಮೇಲೆ.