ದೇವಗಡದ ಲೈಟ್‌ಹೌಸ್: ದುಡ್ಡು ಕೊಡುವ ಮುಂಚೆ ಕೇಳಿಕೊಳ್ಳಿ

ಕಾರವಾರದ ಕಡಲಲ್ಲಿ ದೇವಗಡ ಅಂತ ಪುಟ್ಟ ದ್ವೀಪ ಇದೆ, ತಲೆಯ ಮೇಲೆ ಬಿಳಿ ದೀಪಸ್ತಂಭ. ದೋಣಿಯವರು "ಲೈಟ್‌ಹೌಸ್ ತೋರಿಸ್ತೀವಿ" ಅಂದರೆ "ಇಳಿಸ್ತೀರಾ, ಇಲ್ವಾ?" ಅಂತ ದಡದಲ್ಲೇ ಕೇಳಿ. ನಮ್ಮ ದೋಣಿಯವನು ತಲೆಗೆ 700 ರೂಪಾಯಿ ಎಣಿಸಿಕೊಂಡು, ದೂರದಲ್ಲೇ ಒಂದು ಸುತ್ತು ಹೊಡೆಸಿ "ಫೋಟೋ ತಗೊಳ್ಳಿ ಸರ್" ಅಂದ. ಇಳಿಸಲ್ವಾ ಅಂದರೆ, "ಅಲೆ ಜಾಸ್ತಿ, ಪರ್ಮಿಶನ್ನೂ ಬೇಕು." ಎರಡೂ ನಿಜವೇ ಇರಬಹುದು. ದುಡ್ಡು ತಗೊಳ್ಳುವಾಗ ಆ ಬಾಯಿ ಎಲ್ಲಿ ಹೋಗಿತ್ತು? ಕೊಟ್ಟ ಲೈಫ್ ಜಾಕೆಟ್‌ಗೆ ಬಕಲ್ಲೂ ಇರಲಿಲ್ಲ.

ಆದರೂ ಆ ದೀಪದ ಕತೆ ಗೊತ್ತಿದ್ದರೆ ದೂರದ ನೋಟವೂ ಅಷ್ಟು ಬೇಜಾರಾಗಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಕಾರವಾರ ಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಸೇರಿಸಿದರು. 1864ರಲ್ಲಿ ದೇವಗಡದಲ್ಲಿ ದೀಪ ಬಂತು. ಮರುವರ್ಷವೇ ಯುದ್ಧ ಮುಗಿದು, ಹತ್ತಿಯ ಅವಸರವೂ ಇಳಿಯಿತು! 1880ರ ದಶಕದಲ್ಲಿ ರೈಲು ಬಂದಿದ್ದೂ ಕಾರವಾರಕ್ಕಲ್ಲ, ಗೋವಾದ ಮರ್ಮಗೋವಾ ಬಂದರಿಗೆ. ಕಾರವಾರದವರು ಕೊಂಕಣ ರೈಲ್ವೆ ಬರುವವರೆಗೂ, ಅಂದರೆ 1990ರ ದಶಕದವರೆಗೂ ಕಾದರು. ಆ ಸ್ಟೇಷನ್ ಕೂಡ ಪೇಟೆಯಿಂದ ದೂರ, ಶಿರವಾಡದಲ್ಲಿದೆ. ರಾತ್ರಿ ಇಳಿದರೆ ಆಟೋದವರು ಹೇಳಿದ್ದೇ ರೇಟು.

ಹತ್ತಿರದ ಅಂಜುದೀವ್ ದ್ವೀಪಕ್ಕೂ ಒಯ್ತೀನಿ ಅನ್ನುವವರನ್ನು ನಂಬಬೇಡಿ. ಅದು ನೌಕಾಪಡೆಯ ಕೈಯಲ್ಲಿದೆ. ಪೋರ್ಚುಗೀಸರಿಂದ ಮುಂಬೈಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರಲ್ಲಿ ಹೆಚ್ಚಿನವರು 1660ರ ದಶಕದಲ್ಲಿ ಅಲ್ಲೇ ಕಾದು ಕಾದು, ಕಾಯಿಲೆ ಬಿದ್ದು ಸತ್ತರು.

ಊಟಕ್ಕೆ ಮಾತ್ರ ಕಾರವಾರಕ್ಕೆ ಕೈ ಮುಗಿಯಬೇಕು. ಮೀನು ಪೇಟೆಯ ಹತ್ತಿರದ ಒಂದು ಖಾನಾವಳಿ, ನಾಲ್ಕೇ ಬೆಂಚು, ಬೋರ್ಡೂ ಇಲ್ಲ. ಕುಚಲಕ್ಕಿ ಅನ್ನ, ಬಂಗಡೆ ಸಾರು, ತೆಂಗಿನಕಾಯಿ ಹಾಕಿದ ತಿಸ್ರೆ (ಚಿಪ್ಪುಮೀನು) ಸುಕ್ಕಾ, ರವೆ ಹಚ್ಚಿ ಹುರಿದ ನೊಗ್ಲಿ ಮೀನು. ಕೊನೆಗೆ ಕುಡಿಯಲು ಸೋಲ್ ಕಡಿ, ಅಂದರೆ ಕೋಕಂ-ತೆಂಗಿನಹಾಲಿನ ಪಾನಕ. ನಾನು ಎರಡನೇ ಲೋಟ ಕೇಳಿದಾಗ ಬಡಿಸುವ ಅಕ್ಕ ಪಾತ್ರೆಯನ್ನೇ ತಂದು ಮುಂದಿಟ್ಟರು. ಇಬ್ಬರ ಬಿಲ್ಲು ದೋಣಿಯ ಒಂದು ಟಿಕೆಟ್ಟಿನ ಅರ್ಧವೂ ಆಗಲಿಲ್ಲ. ಮಧ್ಯಾಹ್ನ ಒಂದು ಗಂಟೆ ದಾಟಿ ಹೋದರೆ ತಿಸ್ರೆ ಖಾಲಿ.

ದ್ವೀಪದ ಮೇಲೆ ಕಾಲಿಡಲೇಬೇಕು ಅಂದರೆ ಪಕ್ಕದ ಕೂರ್ಮಗಡ ನೋಡಿ. ಪುಷ್ಯ ಹುಣ್ಣಿಮೆಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ, ಅಲ್ಲಿ ನರಸಿಂಹ ದೇವರ ಜಾತ್ರೆ. ಮೀನುಗಾರರ ದೋಣಿಗಳು ಬಾಳೆಗೊನೆ ಹೊತ್ತ ಭಕ್ತರನ್ನು ತುಂಬಿಕೊಂಡು ಹೋಗುತ್ತವೆ. ನನಗಂತೂ ಆ ನೂಕುನುಗ್ಗಲು ಆಗಿಬರಲ್ಲ. ಮಳೆಗಾಲ ಬಿಟ್ಟು ಬೇರೆ ದಿನ, ಬೆಳಗ್ಗೆ ಬೇಗ, ಗಾಳಿ ಏಳುವ ಮುಂಚೆ ದೋಣಿ ಹತ್ತಿ. ವಾಪಸ್ ಬರುವ ಹೊತ್ತನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಅರ್ಧ ದುಡ್ಡು ಹೋಗುವಾಗ, ಉಳಿದಿದ್ದು ದಡಕ್ಕೆ ಬಂದ ಮೇಲೆ.