ಸಬ್ಮಿಟ್ ಒತ್ತುವ ಮೊದಲು

2025ರ ಜುಲೈ 12ರ ಶನಿವಾರ, ರಾಜಾಜಿನಗರದ ಮನೆಯೊಂದರ ಊಟದ ಮೇಜಿನ ಮೇಲೆ ಫೈಲು ಬಿಚ್ಚಿಟ್ಟಿತ್ತು. ಸಮಾಜಕಾರ್ಯ ಓದಿ ಮುಗಿಸಿದ ಹುಡುಗಿ. ಸ್ಕಾಟ್ಲೆಂಡಿನ ಒಂದು ಚಾರಿಟಿಯಲ್ಲಿ, ಅಂದರೆ ಸೇವಾ ಸಂಸ್ಥೆಯಲ್ಲಿ, ಸೆಪ್ಟೆಂಬರ್ 15ರಿಂದ 11 ತಿಂಗಳು ಸ್ವಯಂಸೇವೆ. ಬುದ್ಧಿಮಾಂದ್ಯರೆಂದು ನಾವು ಸಾಮಾನ್ಯವಾಗಿ ಕರೆಯುವ ವಯಸ್ಕರ ಜೊತೆ ಅವರ ಮನೆಯಲ್ಲೇ ಇದ್ದು ಅಡುಗೆ, ತೋಟ, ಓಡಾಟಕ್ಕೆ ನೆರವಾಗುವ ಕೆಲಸ. ಸಂಬಳವಿಲ್ಲ, ಊಟ ವಸತಿ ಅವರದು. ಲ್ಯಾಪ್‌ಟಾಪಿನಲ್ಲಿ ಬ್ರಿಟನ್ ವೀಸಾದ ಅರ್ಜಿ ತುಂಬಿ ಮುಗಿದಿತ್ತು, ದುಡ್ಡು ಕಟ್ಟುವುದಷ್ಟೇ ಬಾಕಿ. ಅವಳ ಕೈ ಆಗಲೇ ಮೌಸ್ ಮೇಲಿತ್ತು.

“ಅಂಕಲ್, ಎಲ್ಲಾ ಇದೆ. ಒತ್ತಿಬಿಡ್ಲಾ?”

“ಒಂದ್ನಿಮಿಷ ಇರಮ್ಮ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗಿ ಮೊದ್ಲು,” ಎಂದೆ.

ಬ್ರಿಟನ್ನಿನ ಚಾರಿಟಿ ವರ್ಕರ್ ವೀಸಾಗೆ ಬೇಕಾದ ಕಾಗದಗಳು ನಿಜಕ್ಕೂ ಕಡಿಮೆ. ಪಾಸ್‌ಪೋರ್ಟು, ಚಾರಿಟಿ ಕೊಡುವ ಸ್ಪಾನ್ಸರ್‌ಷಿಪ್ ಸರ್ಟಿಫಿಕೇಟಿನ ನಂಬರು, ಬ್ಯಾಂಕ್ ಲೆಕ್ಕ, ಟಿಬಿ ಪರೀಕ್ಷೆಯ ಪ್ರಮಾಣಪತ್ರ. ಕಷ್ಟ ಏನೆಂದರೆ ಒಂದೊಂದಕ್ಕೂ ಒಂದೊಂದು ವಾಯಿದೆ ಇದೆ, ಅವೆಲ್ಲ ಅರ್ಜಿ ಹಾಕುವ ಒಂದೇ ದಿನ ಜೀವಂತ ಇರಬೇಕು. ಯಾವುದನ್ನು ಮೊದಲು ಮಾಡಿಸಬೇಕು ಎನ್ನುವುದರಲ್ಲೇ ಬಹಳ ಜನ ಎಡವುತ್ತಾರೆ.

ಈ ಹುಡುಗಿ ಟಿಬಿ ಪರೀಕ್ಷೆಯನ್ನು ಮೇ ತಿಂಗಳಲ್ಲೇ ಮಾಡಿಸಿಟ್ಟಿದ್ದಳು, ಅದು ಸರಿಯಾದ ಕ್ರಮ. ಭಾರತದಿಂದ 6 ತಿಂಗಳು ಮೀರಿ ಇರಲು ಹೋಗುವವರಿಗೆ ಇದು ಕಡ್ಡಾಯ. ಬ್ರಿಟನ್ ಸರ್ಕಾರದ ಪಟ್ಟಿಯಲ್ಲಿರುವ ಕ್ಲಿನಿಕ್ಕಿನಲ್ಲೇ ಆಗಬೇಕು. ಮನೆ ಹತ್ತಿರದ ಲ್ಯಾಬಿನಲ್ಲಿ ತೆಗೆಸಿದ ಎಕ್ಸ್‌ರೇ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಎಕ್ಸ್‌ರೇ ಸ್ವಚ್ಛ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಚಿಕ್ಕಂದಿನ ನ್ಯುಮೋನಿಯಾದ ಹಳೇ ಕಲೆಯೊಂದು ಕಂಡರೂ ಸಾಕು, ಕಫದ ಪರೀಕ್ಷೆಗೆ ಬರೆದುಬಿಡಬಹುದು. ಕಫದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ಕಲ್ಚರ್‌ಗೆ ಇಟ್ಟರೆ ವರದಿ ಬರಲು 8 ವಾರದವರೆಗೆ ಹಿಡಿಯುತ್ತದೆ. ಸ್ಪಾನ್ಸರ್‌ಷಿಪ್ ಸರ್ಟಿಫಿಕೇಟಿಗೆ ಇರುವ ಆಯಸ್ಸು 3 ತಿಂಗಳು, ಟಿಬಿ ಪ್ರಮಾಣಪತ್ರಕ್ಕೆ 6 ತಿಂಗಳು. ಹಾಗಾಗಿ ಚಾರಿಟಿ ‘ಆಯ್ತು, ಬನ್ನಿ’ ಎಂದ ತಕ್ಷಣ ಎಕ್ಸ್‌ರೇಗೆ ಹೋಗಿ, ಅದು ಕೈಗೆ ಬಂದ ಮೇಲೆ ಸರ್ಟಿಫಿಕೇಟ್ ಕೇಳುವುದು ಜಾಣತನ. ಉಲ್ಟಾ ಮಾಡಿದವರ ಸರ್ಟಿಫಿಕೇಟು ಕಫದ ವರದಿಗಾಗಿ ಕಾಯುತ್ತಲೇ ಸತ್ತುಹೋಗುತ್ತದೆ.

ಸರ್ಟಿಫಿಕೇಟ್ ಅಂದರೆ ಮುದ್ರೆ ಒತ್ತಿದ ಹಾಳೆಯಲ್ಲ. ಚಾರಿಟಿಯವರು ಬ್ರಿಟನ್ ಗೃಹ ಇಲಾಖೆಯ ವ್ಯವಸ್ಥೆಯಲ್ಲಿ ತುಂಬುವ ಒಂದು ದಾಖಲೆ, ನಮಗೆ ಸಿಗುವುದು ಅದರ ನಂಬರು. ಅದನ್ನು ಕೊಡುವ ಅಧಿಕಾರ ಎಲ್ಲ ಚಾರಿಟಿಗಳಿಗೂ ಇಲ್ಲ. ಚಾರಿಟಿಯಾಗಿ ನೋಂದಣಿಯಾಗಿರುವುದು ಬೇರೆ, ಸ್ಪಾನ್ಸರ್ ಲೈಸೆನ್ಸ್ ಬೇರೆ. ಲೈಸೆನ್ಸ್ ಇರುವವರ ಪಟ್ಟಿ ಸರ್ಕಾರದ ಜಾಲತಾಣದಲ್ಲಿ ಎಲ್ಲರಿಗೂ ನೋಡಲು ಸಿಗುತ್ತದೆ. ಅದರಲ್ಲಿ ಸಂಸ್ಥೆಯ ಹೆಸರಿನ ಎದುರು ‘ಚಾರಿಟಿ ವರ್ಕರ್’ ಎಂದೇ ಇರಬೇಕು. ನರ್ಸುಗಳನ್ನು ಕರೆಸಿಕೊಳ್ಳುವ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಸ್ವಯಂಸೇವಕರನ್ನು ಕರೆಸಲು ಬರುವುದಿಲ್ಲ. ಅಂಥ ಲೈಸೆನ್ಸ್ ಇಲ್ಲದವರು ‘ವಿಸಿಟರ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ’ ಎಂದರೆ ಅಲ್ಲಿಗೇ ಕೈಮುಗಿದುಬಿಡಿ. ವಿಸಿಟರ್ ವೀಸಾದಲ್ಲಿ ಸ್ವಯಂಸೇವೆಗೆ ಅವಕಾಶ ಇರುವುದು ಒಟ್ಟು 30 ದಿನ, ಅದೂ ನೋಂದಾಯಿತ ಚಾರಿಟಿಯಲ್ಲಿ ಮಾತ್ರ.

ಕೆಲಸದ ವಿವರಣೆಯನ್ನೂ ಒಮ್ಮೆ ಓದಿಸಿ ಕೇಳಿಕೊಂಡೆವು. ಚಾರಿಟಿಯ ಮೂಲ ಉದ್ದೇಶಕ್ಕೇ ನೇರವಾಗಿ ಸೇರಿದ ಕೆಲಸ ಆಗಿರಬೇಕು. ಕಚೇರಿಯ ಗುಮಾಸ್ತಿಕೆ, ಚಾರಿಟಿ ಅಂಗಡಿಯಲ್ಲಿ ಮಾರಾಟ, ಚಂದಾ ಎತ್ತುವುದು, ಕಟ್ಟಡ ನೋಡಿಕೊಳ್ಳುವುದು ಇವು ಯಾವುವೂ ಈ ವೀಸಾಗೆ ಸಲ್ಲುವುದಿಲ್ಲ. ಇವಳದ್ದು ಜನರ ಜೊತೆಗಿನ ಕೆಲಸ, ತಕರಾರಿಲ್ಲ.

ಇನ್ನು ಹೆಸರು. ನಮ್ಮ ಕಡೆಯ ಹೆಸರುಗಳು ಬ್ರಿಟನ್ನಿನ ಫಾರಂಗಳಿಗೆ ಒಗ್ಗುವುದೇ ಇಲ್ಲ. ಕಾಲೇಜಿನ ಅಂಕಪಟ್ಟಿಯಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಊರ ಹೆಸರು ಅಪ್ಪನ ಹೆಸರು, ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಚಾರಿಟಿಯವರು ಇಮೇಲಿನಲ್ಲಿ ಕಂಡ ಹೆಸರನ್ನೇ ಸರ್ಟಿಫಿಕೇಟಿಗೂ ಟೈಪ್ ಮಾಡಿಬಿಟ್ಟಿರುತ್ತಾರೆ. ಅದಕ್ಕೇ ಮೊದಲ ದಿನವೇ ಪಾಸ್‌ಪೋರ್ಟಿನ ಫೋಟೊ ಪುಟ ಕಳಿಸಿ, ಅಲ್ಲಿರುವ ಹಾಗೇ ಅಕ್ಷರಕ್ಕೆ ಅಕ್ಷರ ತುಂಬಿಸಬೇಕು. ಸಣ್ಣ ತಪ್ಪಾದರೆ ಅರ್ಜಿ ಹಾಕುವ ಮುಂಚೆ ಅವರೇ ‘ಸ್ಪಾನ್ಸರ್ ನೋಟ್’ ಸೇರಿಸಿ ಸರಿಮಾಡಬಹುದು. ಇವಳ ಹೆಸರು, ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನ ಮೂರೂ ತಾಳೆಯಾದವು.

ಸಿಕ್ಕಿಕೊಂಡದ್ದು ಬ್ಯಾಂಕಿನಲ್ಲಿ. ನಿಯಮ ಹೀಗಿದೆ: ಅರ್ಜಿದಾರರ ಖಾತೆಯಲ್ಲಿ ಕನಿಷ್ಠ 1,270 ಪೌಂಡಿನಷ್ಟು ಹಣ ಸತತ 28 ದಿನ ಇರಬೇಕು. 28ನೇ ದಿನವು ಅರ್ಜಿ ಹಾಕುವ ದಿನಕ್ಕೆ 31 ದಿನದ ಒಳಗೆ ಬರಬೇಕು. ರೂಪಾಯಿ ಲೆಕ್ಕದಲ್ಲಿ ಅದು ಒಂದೂವರೆ ಲಕ್ಷದ ಹತ್ತಿರ. ಅರ್ಜಿಯ ದಿನದ ವಿನಿಮಯ ದರಕ್ಕೆ ಲೆಕ್ಕ ಹಾಕುವುದರಿಂದ ಹತ್ತು ಹದಿನೈದು ಸಾವಿರ ಹೆಚ್ಚಿಗೆ ಇಟ್ಟುಕೊಳ್ಳುವುದು ವಾಸಿ. ಇವಳ ಖಾತೆಗೆ ಜೂನ್ 3ರಂದು 1,62,000 ಬಂದಿತ್ತು. ಜೂನ್ 3ರಿಂದ 30ರವರೆಗೆ ಎಣಿಸಿದರೆ ಸರಿಯಾಗಿ 28 ದಿನ. ಸ್ಟೇಟ್‌ಮೆಂಟಿನ ಕೊನೆಯ ಸಾಲಿನಲ್ಲೂ ಲಕ್ಷಣವಾಗಿ 1,65,500 ಇತ್ತು. ಕೊನೆಯ ಸಾಲು ನೋಡಿ ಸಮಾಧಾನ ಮಾಡಿಕೊಳ್ಳುವುದೇ ಅಪಾಯ. ಬಲಗಡೆಯ ಬ್ಯಾಲೆನ್ಸ್ ಕಾಲಮ್ಮಿನ ಮೇಲೆ ಸ್ಕೇಲಿಟ್ಟು ಒಂದೊಂದೇ ಸಾಲು ಇಳಿಸುತ್ತಾ ಬಂದಾಗ ಜೂನ್ 22ರ ಹತ್ತಿರ ನಿಂತಿತು. ವಿಮೆಯ ಕಂತು 21,500 ತಾನಾಗಿ ಕಡಿತವಾಗಿ ಬಾಕಿ 1,40,500ಕ್ಕೆ ಇಳಿದಿತ್ತು. ಮಾರನೇ ದಿನ ಅವರಪ್ಪ 25,000 ಹಾಕಿದ್ದರು.

“ಒಂದೇ ದಿನ ತಾನೆ ಸರ್, ಮಾರನೇ ದಿನಾನೇ ಹಾಕಿದೀನಲ್ಲ?” ಎಂದರು ಅವರು.

ಒಂದೇ ದಿನ ಆದರೂ ಎಣಿಕೆ ಮತ್ತೆ ಒಂದರಿಂದ ಶುರು. ಜೂನ್ 23ರಿಂದ ಎಣಿಸಿದರೆ 28ನೇ ದಿನ ಜುಲೈ 20. ಆ ಶನಿವಾರವೇ ಒತ್ತಿದ್ದರೆ ಹಣದ ಕಾರಣಕ್ಕೇ ವೀಸಾ ತಿರಸ್ಕಾರವಾಗಬಹುದಿತ್ತು, ಕಟ್ಟಿದ ವೀಸಾ ಶುಲ್ಕ ವಾಪಸ್ ಬರುವುದಿಲ್ಲ. 21ರಂದು ಹೊಸ ಸ್ಟೇಟ್‌ಮೆಂಟ್ ತೆಗೆಸಿ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಎಸ್‌ಐಪಿ, ಇಎಂಐ ಎಲ್ಲಕ್ಕೂ ಬೇರೆ ಖಾತೆ.

ಹಣದ ವಿಷಯದಲ್ಲಿ ಇನ್ನೂ ಎರಡು ಮಾತು. ಇದು ವಿದ್ಯಾರ್ಥಿ ವೀಸಾ ಅಲ್ಲ, ಅಪ್ಪ ಅಮ್ಮನ ಖಾತೆಯ ಸ್ಟೇಟ್‌ಮೆಂಟ್ ಕೊಟ್ಟರೆ ನಡೆಯುವುದಿಲ್ಲ. ಹಣ ಅರ್ಜಿದಾರರ ಹೆಸರಿನಲ್ಲೇ ಇರಬೇಕು. ಪಿಎಫ್, ಷೇರು, ಒಡವೆ ಇವೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಕುಟುಂಬಗಳ ಉಳಿತಾಯ ಬಡಾವಣೆಯ ಸಹಕಾರಿ ಬ್ಯಾಂಕಿನಲ್ಲಿರುತ್ತದೆ. ವೀಸಾ ಅಧಿಕಾರಿಗಳು ವಿಚಾರಿಸಿ ಖಚಿತಪಡಿಸಿಕೊಳ್ಳಲು ಸಾಧ್ಯವಾಗುವ ಬ್ಯಾಂಕೇ ಆಗಿರಬೇಕು ಎಂಬ ನಿಯಮ ಇರುವುದರಿಂದ, ಈ ಒಂದೂವರೆ ಲಕ್ಷವನ್ನಾದರೂ ದೊಡ್ಡ ಬ್ಯಾಂಕಿಗೆ ವರ್ಗಾಯಿಸಿ ಆಮೇಲೆ 28 ದಿನ ಎಣಿಸುವುದು ಕ್ಷೇಮ. ಇದಾವುದೂ ಬೇಡ ಎನ್ನುವವರಿಗೆ ಸುಲಭದ ದಾರಿಯೂ ಇದೆ: ಚಾರಿಟಿಯವರು ಲೈಸೆನ್ಸ್ ಪಟ್ಟಿಯಲ್ಲಿ ಎ ದರ್ಜೆಯ ಸ್ಪಾನ್ಸರ್ ಆಗಿದ್ದರೆ ಮೊದಲ ತಿಂಗಳ ಖರ್ಚು ತಮ್ಮದೆಂದು ಸರ್ಟಿಫಿಕೇಟಿನಲ್ಲೇ ದೃಢೀಕರಿಸಬಹುದು. ಆಗ ಬ್ಯಾಂಕ್ ಲೆಕ್ಕವೇ ಬೇಕಿಲ್ಲ. ಸರ್ಟಿಫಿಕೇಟ್ ಕೊಡುವ ಮುಂಚೆಯೇ ಇದನ್ನು ಕೇಳಬೇಕು. ಕೇಳಿದರೆ ತಪ್ಪು ತಿಳಿಯುತ್ತಾರೇನೋ ಎಂದು ನಮ್ಮವರು ಸಂಕೋಚಪಡುತ್ತಾರೆ. ಅವರಿಗೆ ಅದು ಒಂದು ಟಿಕ್ ಮಾರ್ಕು ಅಷ್ಟೆ.

ಖರ್ಚು: 2025ರ ಏಪ್ರಿಲ್‌ನ ದರದಂತೆ ವೀಸಾ ಶುಲ್ಕ 319 ಪೌಂಡು ಇತ್ತು, ಜೊತೆಗೆ ಅಲ್ಲಿನ ಸರ್ಕಾರಿ ವೈದ್ಯಸೇವೆಗೆಂದು ಮೊದಲೇ ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡು. ಎರಡನೆಯದೇ ದೊಡ್ಡ ಪೆಟ್ಟು. ವೀಸಾ ಸಿಗದಿದ್ದರೆ ಸರ್‌ಚಾರ್ಜ್ ಮಾತ್ರ ಹಿಂತಿರುಗುತ್ತದೆ. ಈ ಮೊತ್ತವನ್ನು 28 ದಿನದ ಹಣದೊಳಗಿಂದಲೇ ಕಟ್ಟುವ ಯೋಚನೆ ಬೇಡ, ಬೇರೆ ಇಟ್ಟುಕೊಳ್ಳಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಆಗಿದೆಯೇ, ಮಿತಿ ಸಾಕಷ್ಟಿದೆಯೇ ಎಂದು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಬೇಕು.

ಐಇಎಲ್‌ಟಿಎಸ್ ಬೇಕೇ ಎಂದು ಅವರಮ್ಮ ಕೇಳಿದರು. ಏಜೆಂಟ್ ಒಬ್ಬರು ಕೋಚಿಂಗಿಗೇ ಸೇರಿಸಲು ಹೊರಟಿದ್ದರಂತೆ. ಈ ವೀಸಾಗೆ ಇಂಗ್ಲಿಷ್ ಪರೀಕ್ಷೆಯ ಷರತ್ತೇ ಇಲ್ಲ. ಪೊಲೀಸ್ ಕ್ಲಿಯರೆನ್ಸನ್ನು ವೀಸಾಗಿಂತ ಹೆಚ್ಚಾಗಿ ಚಾರಿಟಿಯೇ ಕೇಳುತ್ತದೆ, ದುರ್ಬಲರ ಜೊತೆಗಿನ ಕೆಲಸವಾದ್ದರಿಂದ. ಅದಕ್ಕೆ ಪಾಸ್‌ಪೋರ್ಟ್ ಸೇವಾ ಮೂಲಕ 500 ರೂಪಾಯಿ ಕಟ್ಟಿ, ಅವರ ಕೇಂದ್ರದಲ್ಲಿ ಸಮಯ ಪಡೆಯಬೇಕು. ಬಾಡಿಗೆ ಮನೆ ಬದಲಿಸಿ ಪಾಸ್‌ಪೋರ್ಟಿನ ವಿಳಾಸ ಹಳೆಯದೇ ಉಳಿದಿದ್ದರೆ ಠಾಣೆಯ ಪರಿಶೀಲನೆಗೆಂದು ದಿನ ಎಳೆಯುತ್ತದೆ.

ಹಿಂದೆ ಯಾವುದಾದರೂ ದೇಶದ ವೀಸಾ ತಿರಸ್ಕಾರವಾಗಿದ್ದರೆ ಅರ್ಜಿಯಲ್ಲಿ ಮುಚ್ಚಿಡಬಾರದು. ತಿರಸ್ಕಾರಕ್ಕೆ ಕ್ಷಮೆ ಸಿಗುತ್ತದೆ. ಸುಳ್ಳು ಹೇಳಿದ್ದು ಗೊತ್ತಾದರೆ 10 ವರ್ಷ ಬಾಗಿಲು ಮುಚ್ಚಬಹುದು.

ಕಸ್ತೂರಬಾ ರಸ್ತೆ ಕಡೆಯ ಬ್ರಿಟಿಷ್ ಡೆಪ್ಯೂಟಿ ಹೈಕಮಿಷನ್ನಿಗೆ ಹೋಗಿ ನಿಲ್ಲುವ ಅಗತ್ಯವಿಲ್ಲ, ಅಲ್ಲಿ ಅರ್ಜಿ ತೆಗೆದುಕೊಳ್ಳುವುದಿಲ್ಲ. ಆನ್‌ಲೈನ್ ಅರ್ಜಿ ಆದ ಮೇಲೆ, ವೀಸಾ ಅರ್ಜಿಗಳ ಕೆಲಸ ನೋಡಿಕೊಳ್ಳುವ ವಿಎಫ್‌ಎಸ್ ಎಂಬ ಖಾಸಗಿ ಕಂಪನಿಯ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ. ಕಾಗದಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ ಏರಿಸಿದರೆ ಖರ್ಚಿಲ್ಲ. ಎಸ್‌ಎಂಎಸ್, ಲೌಂಜ್ ಮುಂತಾದವು ಐಚ್ಛಿಕ, ಬೇಡ ಎನ್ನಬಹುದು. ಬೆರಳ ತುದಿಗೆ ಮೆಹಂದಿ, ಸುಟ್ಟ ಗಾಯ ಇದ್ದರೆ ಯಂತ್ರ ಅಚ್ಚು ಹಿಡಿಯದೇ ಹೋಗಬಹುದು. ಅದೇ ವಾರ ಮನೆಯಲ್ಲಿ ಅಕ್ಕನ ನಿಶ್ಚಿತಾರ್ಥವಿತ್ತು, ಹಾಗಾಗಿ ಮೆಹಂದಿ ಅಂಗೈವರೆಗೆ ಮಾತ್ರ ಎಂದು ಅಲ್ಲೇ ಒಪ್ಪಂದವಾಯಿತು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ 3 ವಾರದಲ್ಲಿ ತೀರ್ಮಾನ ಬರುತ್ತದೆ.

2025ರ ಜುಲೈ 15ರಿಂದ ಈ ಬಗೆಯ ಅರ್ಜಿದಾರರಿಗೆ ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಬದಲು ಇ-ವೀಸಾ. ವೀಸಾ ಸಿಕ್ಕಿತೆಂದು ಇಮೇಲ್ ಬಂದ ದಿನವೇ ಬ್ರಿಟನ್ ವೀಸಾ ಇಲಾಖೆಯ ಆನ್‌ಲೈನ್ ಖಾತೆ ತೆರೆದು ಹೆಸರು, ದಿನಾಂಕ, ಪಾಸ್‌ಪೋರ್ಟ್ ನಂಬರು ನೋಡಿಕೊಳ್ಳಬೇಕು. ಕೆಲಸ ಶುರುವಾಗುವ 14 ದಿನ ಮುಂಚಿನಿಂದ ಪ್ರವೇಶಿಸಬಹುದು, ಅದಕ್ಕೂ ಮೊದಲಿನ ಅಗ್ಗದ ಟಿಕೆಟ್ ತೆಗೆದರೆ ಗಡಿಯಲ್ಲಿ ತೊಂದರೆ. ವೀಸಾ ಬರುವವರೆಗೆ ಟಿಕೆಟ್ಟಿಗೆ ಕೈ ಹಾಕದಿರುವುದೇ ಒಳ್ಳೆಯದು. ಮಧ್ಯೆ ಪಾಸ್‌ಪೋರ್ಟ್ ಬದಲಾಯಿಸಿದರೆ ಹೊಸ ನಂಬರನ್ನು ಅದೇ ಖಾತೆಗೆ ಸೇರಿಸದೆ ಕೆಂಪೇಗೌಡ ನಿಲ್ದಾಣದ ಚೆಕ್-ಇನ್ ಕೌಂಟರಿಗೆ ಹೋಗಬಾರದು.